21 ವಾರ ಆಗಿದೆ. ಮುಳ್ಳಯ್ಯನಗಿರಿಯಿಂದ ಮಲ್ಪೆವರೆಗೆ ಕಾರಲ್ಲಿ ಹೋಗಬಹುದಾ?

ಕಾಡುಮಲ್ಲಿಗೆ_ಹಾಸನ

ನಮಸ್ಕಾರ ಎಲ್ಲರಿಗೂ. ನನಗೀಗ 21 ವಾರ, ಚೊಚ್ಚಲು. ವಾಂತಿ ನಿಂತಿದೆ, ಊಟ ಸೇರುತ್ತಿದೆ. ಸ್ಕ್ಯಾನಿಂಗ್ ಆಯಿತು, ಎಲ್ಲ ಸರಿ ಇದೆ ಅಂದಿದ್ದಾರೆ. ಬಿಪಿ ಇಲ್ಲ, ಸಕ್ಕರೆ ಇಲ್ಲ. ಡಿಸೆಂಬರಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತದೆ.

ಪ್ಲಾನ್ ಹೀಗಿದೆ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರು. ರಾತ್ರಿ ಹೋಂಸ್ಟೇ, ಬೆಳಗ್ಗೆ ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತುವುದು. ಆಮೇಲೆ ಬಾಳೆಹೊನ್ನೂರು, ಕಳಸ. ಸಾಧ್ಯವಾದರೆ ಕುದುರೆಮುಖ ಟ್ರೆಕ್ಕೂ ಮುಗಿಸುವುದು. ಅಲ್ಲಿಂದ ಎಸ್.ಕೆ. ಬಾರ್ಡರ್ (ಹಳೆ ಸೌತ್ ಕೆನರಾ ಗಡಿ) ಮೇಲೆ ಘಟ್ಟ ಇಳಿದು ಕಾರ್ಕಳ, ಉಡುಪಿ, ಮಲ್ಪೆ. ವಾಪಸ್ ಶಿರಾಡಿ ಘಾಟಿಯಲ್ಲಿ ಮನೆಗೆ.

ಮದುವೆಗೆ ಮುಂಚೆಯಿಂದ ಜೊತೆಗೆ ಬೆಟ್ಟ ಹತ್ತಿದವರು ನಾವು. ಕುಮಾರಪರ್ವತ, ಎತ್ತಿನಭುಜ ಎಲ್ಲ ಆಗಿದೆ. ಡಾಕ್ಟರನ್ನು ಕೇಳಿದೆ. "ಹೋಗಿ ಬನ್ನಿ, ಜಾಸ್ತಿ ಆಯಾಸ ಮಾಡ್ಕೋಬೇಡಿ" ಅಂದು ಮುಂದಿನವರನ್ನು ಕರೆದರು. ಜಾಸ್ತಿ ಅಂದರೆ ಎಷ್ಟು ಅಂತ ಕೇಳುವಷ್ಟರಲ್ಲಿ ನಾನು ಬಾಗಿಲ ಹೊರಗಿದ್ದೆ. ಅತ್ತೆ ಮಾತ್ರ "ಬಸುರಿಗೆ ಬೆಟ್ಟವೂ ಬೇಡ, ಸಮುದ್ರವೂ ಬೇಡ" ಅಂತ ಹಟ ಹಿಡಿದಿದ್ದಾರೆ. ಹೀಗೆ ಹೋಗಿ ಬಂದವರು ಇದ್ದೀರಾ? ಸುಮ್ನೆ ಧೈರ್ಯ ತುಂಬಬೇಡಿ. ದಾರಿ ಹೇಗಿದೆ, ಎಲ್ಲಿ ಕಷ್ಟ ಅಂತ ಹೇಳಿ.

ಮಲ್ನಾಡ್_ಮಾವ

ಹೆರಿಗೆ ಮುಗಿಸಿಕೊಂಡು ಹೋಗಮ್ಮ. ಬೆಟ್ಟ ಎಲ್ಲೂ ಓಡಿ ಹೋಗಲ್ಲ.

ಅವಳಿ_ತಾಯಿ

ಮಾವ, ಬೆಟ್ಟ ಓಡಿ ಹೋಗಲ್ಲ ನಿಜ. ಹೆರಿಗೆ ಆದ ಮೇಲೆ ಈ ಹುಡುಗಿಗೆ ಓಡುವುದಿರಲಿ, ಬಚ್ಚಲಿಗೆ ಹೋಗಲೂ ಪುರುಸೊತ್ತು ಇರಲ್ಲ. ಬಾಣಂತನ, ಹಾಲು, ಲಸಿಕೆ, ಆಮೇಲೆ ಅಂಬೆಗಾಲು. ನನ್ನ ಮಕ್ಕಳು ಈಗ ಶಾಲೆಗೆ ಹೋಗುತ್ತಾರೆ, ನಾನು ಇನ್ನೂ ಕೆಮ್ಮಣ್ಣುಗುಂಡಿ ನೋಡಿಲ್ಲ. ಆರೋಗ್ಯ ಇದ್ದರೆ ಹೋಗಲಿ ಬಿಡಿ.

ಮಲ್ನಾಡ್_ಮಾವ

ಹೋಗಬೇಡ ಅಂದೆನಾ? ಆಮೇಲೆ ಹೋಗು ಅಂದೆ.

ವಾರ್ಡ್_ಸಿಸ್ಟರ್

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಡಾಕ್ಟರಲ್ಲ, ಅದನ್ನು ಮೊದಲೇ ಹೇಳುತ್ತೇನೆ.

ಕಾಡುಮಲ್ಲಿಗೆ, ನೀವು ಆರಿಸಿಕೊಂಡ ಸಮಯ ಸರಿಯಾಗಿದೆ. ಪ್ರಯಾಣಕ್ಕೆ 14ರಿಂದ 28 ವಾರದ ನಡುವಿನ ಕಾಲ ಒಳ್ಳೆಯದು ಅಂತ ಅಮೆರಿಕದ ಪ್ರಸೂತಿ ತಜ್ಞರ ಸಂಘವೂ ಹೇಳುತ್ತದೆ, ನಮ್ಮ ಡಾಕ್ಟರುಗಳೂ ಹೇಳುತ್ತಾರೆ. ಮೊದಲ ಮೂರು ತಿಂಗಳ ವಾಂತಿ ಮುಗಿದಿರುತ್ತದೆ, ಕೊನೆಯ ತಿಂಗಳ ಭಾರ ಇನ್ನೂ ಬಂದಿರಲ್ಲ. ಎತ್ತರದ ಬಗ್ಗೆಯೂ ಭಯ ಬೇಡ. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರ ಅಂದರೂ 1930 ಮೀಟರ್. ಆಮ್ಲಜನಕದ ತೊಂದರೆಯ ಮಾತು 2500 ಮೀಟರ್ ದಾಟಿದ ಮೇಲೆ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ, ಅಲ್ಲಿ ದಿನಾ ಹೆರಿಗೆ ಆಗುತ್ತಿಲ್ವಾ?

ಕಷ್ಟ ಬೇರೆ ಕಡೆ ಇದೆ. ಬಸುರಿಯಲ್ಲಿ ಕೀಲುಗಳು ಸಡಿಲ ಆಗುತ್ತವೆ. ಹೊಟ್ಟೆ ಮುಂದೆ ಬಂದ ಹಾಗೆ ಮೈಯ ತೂಕ ಬೇರೆ ಕಡೆಗೆ ವಾಲುತ್ತದೆ. ಹತ್ತುವಾಗ ಏದುಸಿರು ಬಂದರೆ ನಿಲ್ಲಬಹುದು. ಇಳಿಯುವಾಗ ಕಾಲು ಜಾರಿದರೆ ನಿಲ್ಲಲು ಆಗಲ್ಲ. ಬೀಳುವುದೆಲ್ಲ ಇಳಿಯುವಾಗಲೇ. ಹೊಟ್ಟೆಗೆ ಏಟು ಬಿದ್ದರೆ, ನೋವಿಲ್ಲದಿದ್ದರೂ, ಅವತ್ತೇ ಆಸ್ಪತ್ರೆಗೆ ಹೋಗಿ ತೋರಿಸಬೇಕು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಇಂಜೆಕ್ಷನ್ ಬೇರೆ ಬೇಕಾಗುತ್ತದೆ.

ನಡೆಯುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಗಂಡನ ಜೊತೆ ಮಾತಾಡುತ್ತಾ ನಡೆಯಲು ಆಗುತ್ತಿದೆಯಾ, ಸರಿ. ಮಾತು ತುಂಡಾಗುತ್ತಿದೆಯಾ, ಕೂತುಕೊಳ್ಳಿ. ನಿಮ್ಮ ಡಾಕ್ಟರ್ ಹೇಳಿದ "ಜಾಸ್ತಿ" ಅಂದರೆ ಅಷ್ಟೇ. ಮತ್ತೆ ಮಾಸು (ಪ್ಲಾಸೆಂಟಾ) ಎಲ್ಲಿದೆ ಅಂತ ರಿಪೋರ್ಟಿನಲ್ಲಿ ನೋಡಿದ್ದೀರಾ? ಕೆಳಗಿದ್ದರೆ ಈ ಚರ್ಚೆಯೇ ಬೇಡ, ಮನೆಯಲ್ಲಿರಿ.

ಕಾಡುಮಲ್ಲಿಗೆ_ಹಾಸನ

ಸಿಸ್ಟರ್, ತುಂಬಾ ಥ್ಯಾಂಕ್ಸ್. ಮಾಸು ಮೇಲೇ ಇದೆ. ಗುಂಪು ಬಿ ಪಾಸಿಟಿವ್.

ಬಿಸಿಲೆ_ಬೈಕರ್

ಕುದುರೆಮುಖ ಟ್ರೆಕ್ ಮರೆತುಬಿಡಿ ಮಾರಾಯ್ರೆ. ಅದು ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮುಳ್ಳೋಡಿವರೆಗೆ ಹೋಗುವ ಜೀಪ್ ದಾರಿಯಲ್ಲಿ ಬಸುರಿ ಅಲ್ಲದವರಿಗೂ ಸೊಂಟ ಹಿಡಿಯುತ್ತದೆ. ನಡುವೆ ಹಳ್ಳ ದಾಟಬೇಕು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಬೇಕು. ಸಂಜೆಯೊಳಗೆ ಇಳಿಯಲೇಬೇಕು, ಒಳಗೆ ಉಳಿಯುವ ಹಾಗಿಲ್ಲ. ಅರ್ಧ ದಾರಿಯಲ್ಲಿ ಸುಸ್ತಾದರೆ ನಿಮ್ಮನ್ನು ಹೊತ್ತು ತರುವವರು ಯಾರು?

ಸರ್ಪದಾರಿಯೂ ಬೇಡ. ಹೆಸರೇ ಹೇಳುವ ಹಾಗೆ ಸುತ್ತಿ ಸುತ್ತಿ ಹೋಗುವ ಕಡಿದಾದ ದಾರಿ. ಇಳಿಯುವಾಗ ಸಡಿಲ ಕಲ್ಲು. ಹತ್ತಲೇಬೇಕು ಅಂತಿದ್ದರೆ ಮೇಲಿನವರೆಗೆ ರಸ್ತೆ ಇದೆ. ಅಲ್ಲಿಂದ ಮೆಟ್ಟಿಲು, ತುದಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗದ್ದುಗೆ. ಮೆಟ್ಟಿಲಿಗೆ ಅಲ್ಲಲ್ಲಿ ಕೂತು ಹೋದರೆ ಆಯಿತು. ನೋಟ ಅದೇ, ಗಾಳಿ ಅದೇ.

ಕಾಡುಮಲ್ಲಿಗೆ_ಹಾಸನ

ಕುದುರೆಮುಖ ಆಸೆ ಯಜಮಾನರದ್ದು. ಈ ಉತ್ತರ ಓದಿ ಹೇಳಿದೆ. ಮುಖ ಸಣ್ಣದಾಯಿತು.

ಯಜಮಾನ_ಇಲ್ಲೇ_ಇದ್ದೇನೆ

ಮುಖ ಸಣ್ಣದಾಗಿಲ್ಲ. ಅನುಮತಿ ಸಿಗುವುದೇ ಕಷ್ಟ ಅಂತ ನನಗೆ ಮೊದಲೇ ಗೊತ್ತಿತ್ತು. ಬೈಕರ್ ಅಣ್ಣ, ಎತ್ತಿನಭುಜ ಹೇಗೆ? ಅದು ಚಿಕ್ಕದಲ್ವಾ?

ಬಿಸಿಲೆ_ಬೈಕರ್

ಕೊನೆಯ ಏರು ನೆನಪಿದೆಯಾ? ಕೈ ಊರಿ ಹತ್ತುವ ಬಂಡೆ. ಹೊಟ್ಟೆ ಇಟ್ಟುಕೊಂಡು ಅದನ್ನು ಹೇಗೆ ಹಿಂದೆ ಮುಂದೆ ಮಾಡಿ ಇಳಿಸುತ್ತೀರಿ? ಹುಲ್ಲಿನ ದಿಬ್ಬದವರೆಗೆ ನಡೆದು ಅಲ್ಲೇ ಕೂತು ನೋಡಿ ಬನ್ನಿ ಅಂದರೆ ನೀವು ಕೇಳುವವರಲ್ಲ. ನಿಮ್ಮಂಥವರು ನನಗೆ ಗೊತ್ತು.

ಘಟ್ಟದ_ಕೆಳಗೆ

ನಾನು ಕಾರ್ಕಳದವನು. ಎಲ್ಲರೂ ಬೆಟ್ಟದ ವಿಷಯ ಹೇಳುತ್ತಿದ್ದಾರೆ, ರಸ್ತೆಯ ವಿಷಯ ಯಾರೂ ಹೇಳುತ್ತಿಲ್ಲ.

ಕುದುರೆಮುಖದಿಂದ ಎಸ್.ಕೆ. ಬಾರ್ಡರ್ ಮೇಲೆ ಬಜಗೋಳಿಗೆ ಇಳಿಯುವ ದಾರಿ ಭಾರೀ ಚಂದ. ಆದರೆ ಅದು ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಇಷ್ಟರೊಳಗೆ ಆ ಕಡೆ ದಾಟಬೇಕು. ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ. ಹೋಟೆಲಿಲ್ಲ, ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಐದು ತಿಂಗಳ ಬಸುರಿಗೆ ಎಷ್ಟು ಹೊತ್ತಿಗೊಮ್ಮೆ ಮೂತ್ರ ಬರುತ್ತದೆ ಅಂತ ನನ್ನ ಹೆಂಡತಿಯನ್ನು ಕೇಳಿ. ಕಳಸದಲ್ಲಿ ಅಥವಾ ಕುದುರೆಮುಖ ಊರಿನಲ್ಲಿ ಬಚ್ಚಲಿಗೆ ಹೋಗಿಯೇ ಹೊರಡಬೇಕು. ಆಮೇಲೆ ಇಳಿಯುವವರೆಗೆ ತಿರುವೇ ತಿರುವು.

ಗಣಿ ಇದ್ದ ಕಾಲದಲ್ಲಿ ಕುದುರೆಮುಖ ಊರು ಎಂಥ ಊರು. 2005ರ ಕೊನೆಗೆ ಗಣಿ ನಿಂತಿತು, ಊರೂ ಖಾಲಿ ಆಯಿತು. ಸಾಲು ಸಾಲು ಮನೆ ಹಾಗೇ ನಿಂತಿವೆ.

ಅವಳಿ_ತಾಯಿ

ಅಬ್ಬಾ, ಶೌಚಾಲಯದ ಮಾತು ತೆಗೆದ ಮೊದಲ ಗಂಡಸು ನೀವು. ನಿಮ್ಮ ಹೆಂಡತಿ ಪುಣ್ಯ ಮಾಡಿದ್ದಾರೆ.

ಘಟ್ಟದ_ಕೆಳಗೆ

ಅವಳು ಹಾಗೆ ಹೇಳುವುದಿಲ್ಲ.

ಆಲೂರು_ಅಕ್ಕ

ಶಿರಾಡಿ ಬಗ್ಗೆ ನಾನು ಹೇಳುತ್ತೇನೆ. ನನಗೆ ಆರು ತಿಂಗಳಿದ್ದಾಗ ಮಂಗಳೂರಿಂದ ವಾಪಸ್ ಬರುತ್ತಿದ್ದೆವು. ಮಾರನಹಳ್ಳಿ ಹತ್ತಿರ ಲಾರಿ ಅಡ್ಡ ಬಿದ್ದಿತ್ತು. ಮುಂದೆ ಗಾಡಿ, ಹಿಂದೆ ಗಾಡಿ, ತಿರುಗಿಸಲೂ ಜಾಗ ಇಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ. ಕತ್ತಲಾಯಿತು. ನನಗೆ ತಡೆಯಲು ಆಗುತ್ತಿಲ್ಲ, ಹೇಳಲೂ ನಾಚಿಕೆ. ಸುತ್ತ ಬರೀ ಲಾರಿ ಡ್ರೈವರುಗಳು.

ನಮ್ಮ ಹಿಂದಿನ ಟೆಂಪೋದಲ್ಲಿ ಒಬ್ಬ ಅಜ್ಜಿ ಇದ್ದರು. ನನ್ನ ಮುಖ ನೋಡಿಯೇ ಗೊತ್ತಾಯಿತು ಅವರಿಗೆ. "ಬಾ ಮಗಾ" ಅಂತ ಕೈ ಹಿಡಿದು, ಟಾರ್ಚ್ ಬಿಟ್ಟುಕೊಂಡು, ರಸ್ತೆ ಪಕ್ಕದ ಒಂದು ಮನೆಗೆ ಕರೆದುಕೊಂಡು ಹೋದರು. ಅವರಿಗೂ ಆ ಮನೆಯವರ ಗುರುತಿಲ್ಲ! ಆ ಮನೆಯಾಕೆ ಏನೂ ಕೇಳಲಿಲ್ಲ. ಬಚ್ಚಲ ದೀಪ ಹಾಕಿದರು, ಹಂಡೆಯಿಂದ ಒಂದು ಚೊಂಬು ಬಿಸಿನೀರು ತೋಡಿ ಕೊಟ್ಟರು. ಹೊರಗೆ ಬಂದಾಗ ಬೆಲ್ಲದ ಕಾಫಿ ಇತ್ತು. ದಾರಿ ಬಿಡುವವರೆಗೆ ಅವರ ಜಗುಲಿಯಲ್ಲೇ ಕಾಲು ಚಾಚಿ ಕೂತಿದ್ದೆ.

ಎಲ್ಲರಿಗೂ ಅಂಥ ಮನೆ ಸಿಗಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದಾಗ ದಾರಿಯೇ ಬಂದ್ ಆಯಿತಲ್ಲ. ಡಿಸೆಂಬರಲ್ಲಿ ಗುಡ್ಡದ ಭಯ ಇಲ್ಲ, ಲಾರಿ ಭಯ ಇದ್ದೇ ಇದೆ. ಬೆಳಗ್ಗೆ ಬೇಗ ಹತ್ತಿ. ಸಕಲೇಶಪುರಕ್ಕೆ ಹಗಲಲ್ಲೇ ಬಂದು ಸೇರಿ. ಕಾರಿನಲ್ಲಿ ಒಂದು ಕೊಡೆ, ಒಂದು ಹಳೆ ಸೀರೆ ಇಟ್ಟುಕೊಳ್ಳಿ. ಯಾಕೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ.

ಕಾಡುಮಲ್ಲಿಗೆ_ಹಾಸನ

ಅಕ್ಕ, ಓದಿ ಕಣ್ಣಲ್ಲಿ ನೀರು ಬಂತು. ಸೀರೆ ಇಟ್ಟುಕೊಳ್ಳುತ್ತೇನೆ.

ರೈಲುಪ್ರೇಮಿ_57

ಘಾಟಿ ನೋಡಲೇಬೇಕು ಅಂದರೆ ರೈಲಲ್ಲಿ ಹೋಗಿ. ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗ (ನನ್ನ ಹೆಸರಿನ ಗುಟ್ಟು ಗೊತ್ತಾಯಿತಾ). ಹಗಲು ರೈಲಿಗೆ 2021ರಿಂದ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಹಾಸನದಲ್ಲೇ ಹತ್ತಬಹುದು. ಶೌಚಾಲಯ ಇದೆ, ಎದ್ದು ಓಡಾಡಬಹುದು, ಕಾಲು ಊದಲ್ಲ. ಮಂಗಳೂರಲ್ಲಿ ಇಳಿದು ಟ್ಯಾಕ್ಸಿ ಮಾಡಿದರೆ ಮಲ್ಪೆ ಎಷ್ಟು ದೂರ?

ಬಿಸಿಲೆ_ಬೈಕರ್

ಮೊದಲೆಲ್ಲ ನಾವು ಆ ಹಳಿ ಮೇಲೇ ನಡೆಯುತ್ತಿದ್ದೆವು. ಎಡಕುಮೇರಿ ಸ್ಟೇಷನ್ನಲ್ಲಿ ಮಲಗುತ್ತಿದ್ದೆವು. ಏನು ದಿನಗಳು!

ರೈಲುಪ್ರೇಮಿ_57

ಅದನ್ನು ಹೆಮ್ಮೆಯಿಂದ ಹೇಳಬೇಡಿ. ಹಳಿ ಮೇಲೆ ನಡೆಯುವುದು ಅಪರಾಧ. ನಿಮ್ಮಂಥವರು ಸುರಂಗದ ಒಳಗೆ ಇದ್ದಾಗ ಎದುರಿಗೆ ಗೂಡ್ಸ್ ಬಂದರೆ ಲೋಕೋ ಪೈಲಟ್ಟಿನ ಗತಿ ಏನು?

ಬಿಸಿಲೆ_ಬೈಕರ್

ಸರಿ ಸಾರ್. ಈಗ ಹೋಗುವುದಿಲ್ಲ ಸಾರ್.

ತೋಟದಮನೆ_ಮೂಡಿಗೆರೆ

ನಮ್ಮ ಕಡೆಯ ಮಾತು ಒಂದಿಷ್ಟು. ಡಿಸೆಂಬರ್ ಅಂದರೆ ಅರೇಬಿಕಾ ಕುಯ್ಲು ಜೋರಾಗಿರುವ ಕಾಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಕಡೆ ಒಂದು ಹುಳಿ ವಾಸನೆ ಇರುತ್ತದೆ. ನಮಗೆ ಅಭ್ಯಾಸ, ಮೂಗು ಸೂಕ್ಷ್ಮ ಆದವರಿಗೆ ಹೊಟ್ಟೆ ತೊಳಸುತ್ತದೆ. ರೂಮು ಪಲ್ಪರಿಂದ ದೂರ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ.

ಅದಕ್ಕಿಂತ ಮುಖ್ಯ, ಗೇಟಿನವರೆಗೆ ನಿಮ್ಮ ಕಾರು ಬರುತ್ತದಾ ಅಂತ ಕೇಳಿ. ಫೋಟೋದಲ್ಲಿ ಈಜುಕೊಳ ತೋರಿಸುತ್ತಾರೆ, ದಾರಿ ತೋರಿಸಲ್ಲ. ಎಷ್ಟೋ ಹೋಂಸ್ಟೇಗಳಿಗೆ ಟಾರ್ ರಸ್ತೆ ಬಿಟ್ಟ ಮೇಲೆ ಜೀಪೇ ಗತಿ. ಆ ಜೀಪಿನ ಹಿಂದಿನ ಸೀಟಲ್ಲಿ ಬಸುರಿಯನ್ನು ಕೂರಿಸುವುದು ಬೇಡವೇ ಬೇಡ. ಹೆಬ್ಬೆ ಫಾಲ್ಸಿಗೂ ಇದೇ ಮಾತು. ಜೀಪು, ಆಮೇಲೆ ನಡಿಗೆ, ಒದ್ದೆ ಕಲ್ಲು.

ಆನೆ ವಿಷಯ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲ ಕಡೆ ಆನೆ ಓಡಾಟ ಇದೆ. ಬೆಳಗಿನ ಮಂಜಲ್ಲಿ ತೋಟದ ರಸ್ತೆಯಲ್ಲಿ ವಾಕಿಂಗ್ ಅಂತ ಹೊರಡಬೇಡಿ. ರಸ್ತೆ ಬದಿಯ ಎಲ್‌ಇಡಿ ಬೋರ್ಡಲ್ಲಿ ಆನೆ ಇದೆ ಅಂತ ಬಂದರೆ ಅದು ಅಲಂಕಾರಕ್ಕೆ ಹಾಕಿದ್ದಲ್ಲ.

ಇನ್ನು ಬಸುರಿ ನಡೆಯಬಾರದು ಅನ್ನುವವರಿಗೆ ಒಂದು ಮಾತು. ನಮ್ಮ ತೋಟದಲ್ಲಿ ಹೆಣ್ಣಾಳುಗಳು ಒಂಬತ್ತು ತಿಂಗಳವರೆಗೂ ಕಾಫಿ ಕುಯ್ಯುತ್ತಿದ್ದರು. ಏರಿನಲ್ಲಿ ಮೂಟೆ ಹೊರುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಲೈನ್‌ಮನೆ_ಹುಡುಗ

ಯಾರಿಗೂ ಏನೂ ಆಗಲಿಲ್ಲ ಅಂತ ಬರೆದಿಟ್ಟವರು ಯಾರು ಗೌಡ್ರೆ? ನನ್ನಮ್ಮ ತೋಟದ ಕೆಲಸದವಳು. ನನಗಿಂತ ಮೊದಲಿನ ಮಗು ಹೊಟ್ಟೆಯಲ್ಲೇ ಹೋಯಿತು. ಅವತ್ತೂ ಅವಳು ಕುಯ್ಲಿಗೆ ಹೋಗಿದ್ದಳು. ಹೋಗದಿದ್ದರೆ ಆ ದಿನದ ಕೂಲಿ ಇರಲಿಲ್ಲ. ಅವಳು ನಡೆದಿದ್ದು ಖುಷಿಗಲ್ಲ. ರಜೆ ಹಾಕಿ ಬೆಟ್ಟ ನೋಡಲು ಹೋಗುವವರಿಗೆ ಅವಳ ಉದಾಹರಣೆ ಕೊಡಬೇಡಿ.

ತೋಟದಮನೆ_ಮೂಡಿಗೆರೆ

ನಾನು ಹಾಗೆ ಹೇಳಲಿಲ್ಲ ತಮ್ಮಾ. ಕಷ್ಟ ಇತ್ತು, ಇಲ್ಲ ಅನ್ನಲ್ಲ. ಈಗ ಕಾಯಿದೆ ಇದೆ, ಹೆರಿಗೆ ರಜೆ ಇದೆ.

ಲೈನ್‌ಮನೆ_ಹುಡುಗ

2017ರಲ್ಲಿ 26 ವಾರ ಮಾಡಿದರು. ದಿನಗೂಲಿಗೆ ಬರುವವಳಿಗೆ ಅದನ್ನು ಯಾರು ಕೊಡುತ್ತಾರೆ? ನೀವು ಕೊಡುತ್ತೀರಾ?

ವಾರ್ಡ್_ಸಿಸ್ಟರ್

ಹುಡುಗ ಹೇಳುವುದು ಸರಿ. ವಾರ್ಡಿಗೆ ಬರುವ ಕೂಲಿ ಹೆಂಗಸರ ರಕ್ತಹೀನತೆ ನೋಡಿದವರು ಯಾರೂ "ಏನೂ ಆಗಲಿಲ್ಲ" ಅನ್ನಲ್ಲ. ನಡಿಗೆ ಒಳ್ಳೆಯದು. ದಣಿದಾಗ ನಿಲ್ಲುವ ಹಕ್ಕು ಇರುವವರಿಗೆ ಒಳ್ಳೆಯದು.

ಮಲ್ನಾಡ್_ಮಾವ

ಪಾಪ, ಆ ಮಗು ಹೋಗಿ ಬರಲಾ ಅಂತ ಕೇಳಿದರೆ ನೀವು ಕಾಯಿದೆ ಮಾತಾಡುತ್ತಿದ್ದೀರಿ.

ಕೊಪ್ಪದ_ಮೇಷ್ಟ್ರು

ಯಾರೂ ಹೇಳದ ವಿಷಯ ಒಂದಿದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು. ನಮ್ಮ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯೂ ಬರುತ್ತದೆ. 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಕರಣ ಬಂದವು. ಉಣ್ಣೆ ಹುಳದಿಂದ ಹರಡುವಂಥದ್ದು. ಮಳೆಗಾಲ ಮುಗಿದು ಕಾಡು ಒಣಗುವಾಗ, ಡಿಸೆಂಬರಿಂದ ಮೇವರೆಗೆ ಅದರ ಕಾಲ.

ಎಲ್ಲರೂ ಇಂಬಳಕ್ಕೆ ಹೆದರುತ್ತಾರೆ. ಇಂಬಳ ರಕ್ತ ಕುಡಿದು ಬಿದ್ದು ಹೋಗುತ್ತದೆ, ಒಂದಿಷ್ಟು ನವೆ ಅಷ್ಟೇ. ಉಣ್ಣೆ ಸಾಸಿವೆ ಕಾಳಿನಷ್ಟೂ ಇರಲ್ಲ. ಸಾಕ್ಸಿನ ಹೆಣಿಗೆಯಲ್ಲಿ, ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿ ಕೆಳಗೆ ಹಿಡಿದು ಕೂರುತ್ತದೆ. ಬಸುರಿಗೆ ತನ್ನ ಪಾದವೇ ಕಾಣದ ಕಾಲ, ಅದನ್ನು ಗಂಡ ನೋಡಬೇಕು. ಕಾಡಂಚಲ್ಲಿ ತರಗೆಲೆ ಮೇಲೆ ಕೂರಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ರೂಮಿಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬೇರೆ. ಆರೋಗ್ಯ ಇಲಾಖೆಯವರು ಕಾಡಂಚಿನವರಿಗೆ ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ. ಬಸುರಿ ಹಚ್ಚಬಹುದಾ ಅಂತ ಡಾಕ್ಟರನ್ನೇ ಕೇಳಿ, ನಾನು ಹೇಳಲ್ಲ. ವಾಪಸ್ ಬಂದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಬಂದರೆ "ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ.

ಕಾಡುಮಲ್ಲಿಗೆ_ಹಾಸನ

ಮೇಷ್ಟ್ರೆ, ಇದು ನಮ್ಮ ತಲೆಗೇ ಬಂದಿರಲಿಲ್ಲ. ನಾನು ಇಂಬಳಕ್ಕೆ ಅಂತ ಉಪ್ಪು ಕಟ್ಟಿಕೊಂಡಿದ್ದೆ.

ದತ್ತಪೀಠ_ರೋಡ್

ಡಿಸೆಂಬರ್ ಅಂದರೆ ದಿನಾಂಕ ನೋಡಿಕೊಂಡಿದ್ದೀರಾ? ದತ್ತ ಜಯಂತಿ ಹುಣ್ಣಿಮೆಗೆ ಬರುತ್ತದೆ. ಆ ದಿನಗಳಲ್ಲಿ ಗಿರಿ ಕಡೆಗೆ ಪ್ರವಾಸಿಗರನ್ನು ಬಿಡಲ್ಲ. ಪೇಟೆಯಲ್ಲೂ ಬಂದೋಬಸ್ತ್. ಪಂಚಾಂಗ ನೋಡಿ ಬುಕ್ ಮಾಡಿ. ಮತ್ತೆ ಶನಿವಾರ ಭಾನುವಾರ ಬರಬೇಡಿ. ಕೈಮರ ಚೆಕ್‌ಪೋಸ್ಟಿಂದ ಮೇಲೆ ಗಾಡಿ ಸಾಲು ಹಿಡಿದರೆ ಸಂಜೆಯೇ. ಮೊದಲೇ ಆನ್‌ಲೈನಲ್ಲಿ ಗಾಡಿ ನೋಂದಾಯಿಸಬೇಕು ಈಗ.

ಯಜಮಾನ_ಇಲ್ಲೇ_ಇದ್ದೇನೆ

ಒಳ್ಳೆ ಸಮಯಕ್ಕೆ ಹೇಳಿದಿರಿ. ನೋಡಿದೆ, ರಜೆ ಸರಿಯಾಗಿ ಅದೇ ದಿನಗಳಿಗೆ ತಾಗುತ್ತಿದೆ. ಮುಂದಿನ ವಾರಕ್ಕೆ ಬದಲಾಯಿಸುತ್ತೇನೆ.

ಹೊಳೆನರಸೀಪುರ_ಅಜ್ಜಿ

ನನ್ನ ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ನಿಮ್ಮ ಅತ್ತೆ ಹೇಳಿದ್ದು ಸುಮ್ನೆ ಅಲ್ಲ ಕಣಮ್ಮ. ಹೆಂಡತಿ ಬಸುರಿ ಆದಾಗ ಗಂಡ ಸಮುದ್ರ ಸ್ನಾನ ಮಾಡಬಾರದು, ಮರ ಕಡಿಯಬಾರದು, ಹೆಣ ಹೊರಬಾರದು, ದೂರದ ಊರಿಗೆ ಹೋಗಬಾರದು ಅಂತ ಇತ್ತು. ಗಡ್ಡವನ್ನೂ ತೆಗೆಯುತ್ತಿರಲಿಲ್ಲ. ಇದೆಲ್ಲ ಗಂಡಸಿಗೆ ಹಾಕಿದ ಕಟ್ಟು, ಹೆಂಗಸಿಗಲ್ಲ. ಯಾಕೆ ಹೇಳು? ಅವನು ಮನೆ ಬಿಟ್ಟು ಹೋಗದೆ ಹತ್ತಿರವೇ ಇರಲಿ ಅಂತ. ಆಗ ಸಮುದ್ರಕ್ಕೆ ಹೋದವನು ವಾಪಸ್ ಬರುವುದು ಗ್ಯಾರಂಟಿ ಇರಲಿಲ್ಲ. ನಿನ್ನ ಗಂಡ ನಿನ್ನ ಪಕ್ಕದಲ್ಲೇ ಕಾರು ಓಡಿಸುತ್ತಾನಲ್ಲ, ಇನ್ನೇನು.

ಅತ್ತೆಯನ್ನೂ ಕರೆದುಕೊಂಡು ಹೋಗು. ಉಡುಪಿ ಕೃಷ್ಣನ ದರ್ಶನ ಅಂದರೆ ಬೇಡ ಅನ್ನಲ್ಲ. ಹೊರನಾಡು ಅನ್ನಪೂರ್ಣೇಶ್ವರಿ ಅಂತೂ ಕಳಸದ ಪಕ್ಕದಲ್ಲೇ.

ಅವಳಿ_ತಾಯಿ

ಅಜ್ಜಿ, ಗಂಡ ಹೆಂಡತಿ ಇಬ್ಬರೇ ಹೋಗುವ ಕೊನೆಯ ಟ್ರಿಪ್ಪಿಗೆ ಅತ್ತೆಯಾ!

ಹೊಳೆನರಸೀಪುರ_ಅಜ್ಜಿ

ಹಿಂದಿನ ಸೀಟು ಖಾಲಿ ಇದೆಯಲ್ಲ.

ಯಜಮಾನ_ಇಲ್ಲೇ_ಇದ್ದೇನೆ

ಅಮ್ಮನಿಗೆ ಕಾರಲ್ಲಿ ವಾಂತಿ ಅಜ್ಜಿ. ಬೇಲೂರು ದಾಟಲ್ಲ.

ಮಲ್ಪೆ_ಬಂದರು

ಕಡಲ ತೀರದ ಮಾತು ಕೇಳಿ. ಮರಳಲ್ಲಿ ನಡೆಯಿರಿ, ಕಾಲು ಒದ್ದೆ ಮಾಡಿಕೊಳ್ಳಿ, ಚಂದ ಉಂಟು. ಮೊಣಕಾಲು ದಾಟಿ ನೀರಿಗೆ ಇಳಿಯಬೇಡಿ. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ನಿಮ್ಮ ಮೈಯ ತೂಕಕ್ಕೆ ಆಗ ತಡೆಯಲಾಗುವುದಿಲ್ಲ. ಸೇಂಟ್ ಮೇರೀಸ್ ದ್ವೀಪ ಈ ಸಲ ಬಿಡಿ. ಬೋಟು ಹತ್ತುವಾಗ ಇಳಿಯುವಾಗ ತುಯ್ದಾಡುತ್ತದೆ, ಅಲ್ಲಿ ಕಂಬದಂಥ ಕಲ್ಲುಗಳ ಮೇಲೆ ಪಾಚಿ. ಕಾಪು ದೀಪಸ್ತಂಭ 1901ರದ್ದು. ಮೇಲೆ ಹತ್ತದೆ ಕೆಳಗಿಂದ ಸೂರ್ಯಾಸ್ತ ನೋಡಿದರೂ ನಷ್ಟ ಏನಿಲ್ಲ.

ಮೀನು ತಿನ್ನುವವರಾ? ಭೂತಾಯಿ, ಬಂಗುಡೆ ಧಾರಾಳ ತಿನ್ನಿ. ಶಾರ್ಕಿನಂಥ ದೊಡ್ಡ ಮೀನಲ್ಲಿ ಪಾದರಸ ಜಾಸ್ತಿ, ಅದು ಬೇಡ. ಮರುವಾಯಿ (ಚಿಪ್ಪುಮೀನು) ಸರಿಯಾಗಿ ಬೆಂದಿದ್ದರೆ ಮಾತ್ರ.

ಫಿಲ್ಟರ್_ಲೋಟ

ಮೀನಿಗೆ ಲೆಕ್ಕ ಹೇಳಿದಿರಿ, ಚಿಕ್ಕಮಗಳೂರಿಗೆ ಹೋಗುವವರಿಗೆ ಕಾಫಿ ಲೆಕ್ಕ ಯಾರು ಹೇಳುತ್ತೀರಿ?

ವಾರ್ಡ್_ಸಿಸ್ಟರ್

ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು. ಮಾಮೂಲಿ ಅಳತೆಯ ಎರಡು ಲೋಟ ಅಂದುಕೊಳ್ಳಿ. ಟೀ, ಚಾಕೊಲೇಟ್, ಕೋಲಾ ಎಲ್ಲ ಸೇರಿಸಿ. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಕಾಫಿ ಕುಡಿಯಬೇಡಿ, ಮಾತ್ರೆ ಮೈಗೆ ಹತ್ತಲ್ಲ.

ಫಿಲ್ಟರ್_ಲೋಟ

ಮಾಮೂಲಿ ಅಳತೆ ಅಂದರೆ ಯಾರ ಮನೆಯದ್ದು? ನಮ್ಮಲ್ಲಿ ಡಿಕಾಕ್ಷನ್ನಿಗೆ ಹಾಲು ಮುಟ್ಟಿಸುತ್ತಾರೆ ಅಷ್ಟೇ.

ತೋಟದಮನೆ_ಮೂಡಿಗೆರೆ

ಚಿಕೋರಿ ಬೆರೆಸಿದ ಪುಡಿಯಲ್ಲಿ ಕೆಫೀನ್ ಕಡಿಮೆ. ಚಿಕೋರಿ ಕುಡಿಯಲಿ ಅಂತ ನನ್ನ ಬಾಯಲ್ಲಿ ಬರುತ್ತದೆ ಅಂತ ಕನಸಲ್ಲೂ ನೆನೆಸಿರಲಿಲ್ಲ. ರೋಬಸ್ಟಾ ಅಂತೂ ಬೇಡ, ಅರೇಬಿಕಾದ ಎರಡರಷ್ಟು ಇರುತ್ತದೆ ಅದರಲ್ಲಿ.

ವಾರ್ಡ್_ಸಿಸ್ಟರ್

ಕಾಫಿ ಬಿಡಿ, ಸೀಟ್ ಬೆಲ್ಟ್ ವಿಷಯ ಉಳಿಯಿತು. ಅರ್ಧಕ್ಕರ್ಧ ಜನ ಬಸುರಿಯಲ್ಲಿ ಬೆಲ್ಟ್ ಬೇಡ, ಹೊಟ್ಟೆ ಒತ್ತುತ್ತದೆ ಅಂತ ಬಿಚ್ಚಿಬಿಡುತ್ತಾರೆ. ಹಾಕಲೇಬೇಕು. ಅಡ್ಡ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆ ಶುರುವಾಗುವ ಮೂಳೆಗೆ ತಾಗಿ ಕೂರಬೇಕು. ಮೇಲಿನ ಪಟ್ಟಿ ಎರಡು ಮೊಲೆಗಳ ನಡುವೆ ಬಂದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಕೂತ ಮೇಲೆ ಒಮ್ಮೆ ಎಳೆದು ಸಡಿಲ ತೆಗೆಯಿರಿ. ಸ್ವೆಟರ್ ಮೇಲೆ ಹಾಕಿದರೆ ಜಾರಿ ಹೊಟ್ಟೆ ಮೇಲೆ ಬರುತ್ತದೆ, ಅದನ್ನು ನೋಡಿಕೊಳ್ಳಿ. ಮುಂದಿನ ಸೀಟಾದರೆ ಆದಷ್ಟು ಹಿಂದಕ್ಕೆ ತಳ್ಳಿ.

ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ಬಸುರಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಎರಡೂ ಪಾದ ಸಂಜೆ ಊದಿದರೆ ಮಾಮೂಲಿ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಮಾಮೂಲಿ ಅಲ್ಲ. ರಕ್ತ ಅಥವಾ ನೀರು ಹೋಗುವುದು, ಬಿಟ್ಟು ಬಿಟ್ಟು ಹೊಟ್ಟೆ ಗಟ್ಟಿಯಾಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದೇ ಬಂದರೂ ಪ್ಲಾನ್ ಅಲ್ಲಿಗೇ ನಿಲ್ಲಿಸಿ. ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ರಿಪೋರ್ಟ್ ಕಾರಲ್ಲೇ ಇರಲಿ, ಫೋನಲ್ಲೂ ಫೋಟೋ ಇರಲಿ. 108 ಎಲ್ಲ ಕಡೆ ಇದೆ, ಆದರೆ ಫೋನ್ ಹೋಗಬೇಕಲ್ಲ. ರಾತ್ರಿ ಉಳಿಯುವ ಜಾಗದಿಂದ ಹೆರಿಗೆ ನೋಡುವ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ ಅಂತ ಹೊರಡುವ ಮುಂಚೆ ನೋಡಿ ಇಟ್ಟುಕೊಳ್ಳಿ. ಕಿಲೋಮೀಟರ್ ಅಲ್ಲ, ಹೊತ್ತು. ಘಟ್ಟದಲ್ಲಿ 30 ಕಿಲೋಮೀಟರ್ ಅಂದರೆ ಏನು ಅಂತ ನಿಮಗೇ ಗೊತ್ತು.

ಘಟ್ಟದ_ಕೆಳಗೆ

ಇದಕ್ಕೇ ನಾನು ಹೇಳುವುದು, ಕಳಸದ ದಾರಿ ಬಿಟ್ಟು ಚಾರ್ಮಾಡಿಯಲ್ಲಿ ಇಳಿಯಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ, ಬಚ್ಚಲು ಎರಡೂ ಮುಗಿಸಿ ಘಾಟಿ ಇಳಿದರೆ ಉಜಿರೆ. ಅಲ್ಲಿಂದ ಕೆಳಗೆ ಆಸ್ಪತ್ರೆಗೆ ಬರವಿಲ್ಲ. ಬೆಳ್ತಂಗಡಿ, ವೇಣೂರು, ಮೂಡಬಿದಿರೆ, ಕಾರ್ಕಳ ಮೇಲೆ ಉಡುಪಿ. ಕುದುರೆಮುಖದ ಹಸಿರು ಸಿಗಲ್ಲ, ಒಪ್ಪುತ್ತೇನೆ.

ಬಿಸಿಲೆ_ಬೈಕರ್

ಚಾರ್ಮಾಡಿ ತಿರುವು ಕಮ್ಮಿಯಾ?

ಘಟ್ಟದ_ಕೆಳಗೆ

ಕಮ್ಮಿ ಅಂತ ಯಾರು ಹೇಳಿದ್ದು? ಬೇಗ ಮುಗಿಯುತ್ತದೆ ಅಂದೆ.

ಕಾಡುಮಲ್ಲಿಗೆ_ಹಾಸನ

ಎಲ್ಲ ಓದಿ ಕೂತು ಮಾತಾಡಿದೆವು. ಕುದುರೆಮುಖ, ಸರ್ಪದಾರಿ ಬಿಟ್ಟೆವು. ದತ್ತ ಜಯಂತಿ ಕಳೆದ ಮೇಲೆ, ವಾರದ ನಡುವೆ ಹೊರಡುತ್ತೇವೆ. ಚಿಕ್ಕಮಗಳೂರಲ್ಲಿ ಪೇಟೆಯ ಹತ್ತಿರವೇ ಉಳಿದು, ಮುಳ್ಳಯ್ಯನಗಿರಿ ಮೆಟ್ಟಿಲಲ್ಲಿ ಆದಷ್ಟು ದೂರ. ಮರುದಿನ ಚಾರ್ಮಾಡಿ ಇಳಿದು ಉಡುಪಿ. ಮಲ್ಪೆಯಲ್ಲಿ ಏನೂ ಮಾಡದೆ ಎರಡು ದಿನ. ವಾಪಸ್ ಬೆಳಗ್ಗೆಯೇ ಶಿರಾಡಿ.

ಸಿಸ್ಟರ್ ಹೇಳಿದ ಹಾಗೆ ಉಳಿಯುವ ಜಾಗದಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಅಂತ ಬರೆದುಕೊಂಡು ಅತ್ತೆಗೆ ತೋರಿಸಿದೆ. ಓದಿ, "ಕೊಟ್ಟಿಗೆಹಾರದಲ್ಲಿ ಬಚ್ಚಲು ಚೆನ್ನಾಗಿದೆಯಾ?" ಅಂತ ಕೇಳಿದರು. ಒಪ್ಪಿದ ಹಾಗೇ ಅಲ್ವಾ?

ಹೊಳೆನರಸೀಪುರ_ಅಜ್ಜಿ

ಒಪ್ಪಿದ ಹಾಗೇ. ಚಕ್ಕುಲಿ, ಹುರಿಗಡಲೆ ಕಟ್ಟಿಕೊಡುತ್ತಾರೆ ನೋಡು.

ಮಲ್ನಾಡ್_ಮಾವ

ಸರಿ, ಹೋಗಿ ಬಾ. ಸ್ವೆಟರ್ ತಗೊಂಡು ಹೋಗು. ಗಿರಿ ಮೇಲೆ ಡಿಸೆಂಬರ್ ಗಾಳಿ ಕಿವಿ ಕೊಯ್ಯುತ್ತದೆ.

ಅರಸೀಕೆರೆ_ಹೊಸಬ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹೆಂಡತಿಗೆ ಮೂರು ತಿಂಗಳು. ಕೆಲಸಕ್ಕೆ ಅಂತ ದಿನಾ ಹಾಸನಕ್ಕೆ ಸ್ಕೂಟರಲ್ಲಿ ಕರೆದುಕೊಂಡು ಹೋಗುತ್ತೇನೆ. ತೊಂದರೆ ಏನಿಲ್ಲ ಅಲ್ವಾ?

ವಾರ್ಡ್_ಸಿಸ್ಟರ್

40 ಕಿಲೋಮೀಟರ್, ಅದೂ ದಿನಾ, ಅದೂ ಸ್ಕೂಟರಲ್ಲಾ? ಅರಸೀಕೆರೆಯಿಂದ ಹಾಸನಕ್ಕೆ ರೈಲಿದೆ, ಬಸ್ಸಿದೆ. ನಾಳೆಯಿಂದ ಅದರಲ್ಲಿ ಕಳಿಸಿ. ಉಳಿದಿದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬಂದು ಬೈಯುತ್ತೇನೆ.